ಉಚಿತ ಕಾನೂನು ನೆರವಿನಲ್ಲಿ ಹೈಕೋರ್ಟ್ ಅಪೀಲು: ಐದಕ್ಕೆ ಮೂರೂವರೆ ಅಂಕ

ದೇವದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹತ್ತಿ ಬಿಡಿಸುವ ಕೂಲಿಯ ಹಣಕ್ಕೆ ನಡೆದ ಹೊಡೆದಾಟದಲ್ಲಿ ಒಬ್ಬರ ಸಾವಿಗೆ ಕಾರಣನಾದನೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ರಾಯಚೂರಿನಲ್ಲಿ ಎಂಟು ವರ್ಷ ಶಿಕ್ಷೆಯಾಯಿತು. ಕೊಲೆಯ ಕಲಮಲ್ಲ, ಕೊಲೆ ಎನಿಸದ ನರಹತ್ಯೆಗೆ ಅನ್ವಯಿಸುವ, ಹಿಂದಿನ ಭಾರತೀಯ ದಂಡ ಸಂಹಿತೆಯ 304ರ ಎರಡನೆಯ ಭಾಗ. ಗರಿಷ್ಠ ಹತ್ತು ವರ್ಷ. ಹೊಡೆದದ್ದನ್ನು ಅವನು ಅಲ್ಲಗಳೆದಿಲ್ಲ. ನಮ್ಮ ತಕರಾರೆಲ್ಲ ಶಿಕ್ಷೆಯ ಪ್ರಮಾಣದ ಮೇಲೆ.

ಕೆಳಗಿನ ನ್ಯಾಯಾಲಯದಲ್ಲಿ ಮನೆಯವರು ಸಾಲ ಮಾಡಿ ಖಾಸಗಿ ವಕೀಲರನ್ನು ಇಟ್ಟಿದ್ದರು. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ ಶಿಕ್ಷೆಯ ಬಗ್ಗೆ ಪ್ರತ್ಯೇಕವಾಗಿ ಅವನ ಮಾತು ಕೇಳಲೇಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 235(2), ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 258ನೇ ಕಲಮು ಹೇಳುವುದು ಇದನ್ನೇ. ಅದು ಬರೀ ಶಾಸ್ತ್ರಕ್ಕಲ್ಲ, ಅಪರಾಧಿಯ ಓದು, ಮನೆ, ದುಡಿಮೆಯ ವಿವರಗಳನ್ನು ಆಧಾರಸಹಿತ ಮುಂದಿಡಲು ಅವಕಾಶವಿರಬೇಕೆಂದು ಸುಪ್ರೀಂ ಕೋರ್ಟ್ 1976ರಲ್ಲೇ ಸಂತಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಹೇಳಿದ್ದು ಇಷ್ಟೇ: ಬಡವ, ಮುದುಕಿ ತಾಯಿ ಇದ್ದಾಳೆ, ದಯೆ ತೋರಬೇಕು. ತೀರ್ಪಿನಲ್ಲೂ ಅದಕ್ಕೆ ಒಂದೇ ಸಾಲಿನ ಉತ್ತರ. ಶುಲ್ಕದ ಬಾಕಿಯನ್ನು ಮಾತ್ರ ಅವರು ಬಹಳ ವಿಸ್ತಾರವಾಗಿ ವಿವರಿಸಿದರು.

ಇನ್ನು ಉಚಿತ ಸೇವೆಯ ವಿಷಯ. ಜೈಲಿನಲ್ಲಿರುವವನಿಗೆ ಆದಾಯ ಪ್ರಮಾಣಪತ್ರವೇ ಬೇಕಿಲ್ಲ; 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವುದೇ ಅರ್ಹತೆ. ಅರ್ಜಿ ಜೈಲಿನಿಂದಲೇ ಹೋಯಿತು, ತೀರ್ಪಿನ ಪ್ರತಿಗೂ ಕಾಸು ಕೇಳಲಿಲ್ಲ. ಕಲಬುರಗಿ ಪೀಠದಲ್ಲಿ ನೇಮಕವಾದ ಯುವ ವಕೀಲೆ ಮೊದಲ ಫೋನಿನಲ್ಲೇ, "ಸರ್, ಬಡವ ಎಂದು ಎಲ್ಲರೂ ಬರೆಯುತ್ತಾರೆ, ನನಗೆ ಕಾಗದ ಬೇಕು" ಎಂದರು. ಮೂರು ಅಂಕ ಆ ಮಾತಿಗೇ ಸಂದಿವೆ.

ಶಾಲೆಯ ಬೀರು ತೆಗೆಸಿದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗೂ ಗೈರಿನ ಗುರುತುಗಳೇ. ದಾಖಲಾತಿ ಪುಸ್ತಕದ ಷರಾ ಕಾಲಮಿನಲ್ಲಿ ನನ್ನದೇ ಅಕ್ಷರ: "ಪಾಲಕರೊಂದಿಗೆ ಗುಳೆ ಹೋಗಿರುತ್ತಾನೆ." ನಾಲ್ಕನೆಯ ತರಗತಿಗೆ ಓದು ಮುಗಿದಿತ್ತು. ಈಗಿನ ಮುಖ್ಯಗುರುಗಳು ದೃಢೀಕರಿಸಿಕೊಟ್ಟರು; ಮೊಹರಿನ ಶಾಯಿ ಒಣಗಿತ್ತು, ಎರಡು ಹನಿ ನೀರು ಬಿಟ್ಟು ಒತ್ತಿದೆವು. ಇದರ ಜೊತೆಗೆ ತಂದೆಯ ಮರಣ ಪ್ರಮಾಣಪತ್ರ, ಜೈಲಿನ ನಡತೆಯ ವರದಿ, ಹಿಂದೆ ಯಾವ ಪ್ರಕರಣವೂ ಇಲ್ಲವೆಂಬ ಮಾಹಿತಿ.

ಸರ್ಕಾರಿ ಅಭಿಯೋಜಕರ ವಾದವೂ ಗಟ್ಟಿಯಾಗಿತ್ತು. ಸತ್ತವನೂ ಗುಳೆ ಹೋಗಿ ಬದುಕಿದವನೇ, ಅವನಿಗೂ ಮಕ್ಕಳಿದ್ದಾರೆ, ಅವನ ಬಡತನವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದರು. ನನಗೆ ಇವತ್ತಿಗೂ ಇದಕ್ಕೆ ಉತ್ತರ ತಿಳಿದಿಲ್ಲ. ಬಡತನವೊಂದೇ ವಿನಾಯಿತಿಗೆ ಕಾರಣವಲ್ಲ ಎಂದೇ ನ್ಯಾಯಪೀಠ ಹೇಳಿತು. ಆದರೆ ಮೊದಲ ಅಪರಾಧ, ದಿಢೀರ್ ಜಗಳ, ಬೆಳೆದ ರೀತಿ, ಜೈಲಿನ ನಡತೆಗಳನ್ನು ಒಟ್ಟಾಗಿ ಪರಿಗಣಿಸಿ ಎಂಟನ್ನು ಐದಕ್ಕೆ ಇಳಿಸಿತು. ಅಪರಾಧಿ ಎಂಬ ತೀರ್ಮಾನ ಹಾಗೆಯೇ ಉಳಿಯಿತು. ಸತ್ತವನ ಹೆಂಡತಿಗೆ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ನೆರವು ಕೊಡಿಸಲು ಸೂಚಿಸಿದ್ದು ನನಗೆ ಶಿಕ್ಷೆ ಇಳಿದಷ್ಟೇ ಸರಿ ಎನಿಸಿತು.

ಒಂದೂವರೆ ಅಂಕ ಕಡಿತ ಏಕೆಂದರೆ, ಅಪೀಲು ದಾಖಲಾದ ಮೇಲೆ ತಾಯಿಗೆ ತಾನಾಗಿ ಸುದ್ದಿ ಮುಟ್ಟಿಸುವವರು ಯಾರೂ ಇಲ್ಲ. ಮುಂದಿನ ದಿನಾಂಕವನ್ನು ನಾನೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಕಿ ಆಕೆಗೆ ಹೇಳಬೇಕಾಗುತ್ತಿತ್ತು. ಮೊಬೈಲ್ ಹಿಡಿಯಲು ಬಾರದ ಮನೆಗಳ ಪಾಡೇನು?

ಹೋಗುವವರು ಇಷ್ಟು ತಿಳಿದಿರಿ. ಕನಿಷ್ಠ ಶಿಕ್ಷೆಯನ್ನು ಕಾನೂನೇ ನಿಗದಿಪಡಿಸಿರುವ ಅಪರಾಧಗಳಲ್ಲಿ ಯಾವ ಹಾಜರಿ ಪುಸ್ತಕ ತೋರಿಸಿದರೂ ಹೈಕೋರ್ಟ್ ಅದಕ್ಕಿಂತ ಕೆಳಗೆ ಇಳಿಯದು. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹೋಗಲು ಸಾಮಾನ್ಯವಾಗಿ 60 ದಿನಗಳ ಗಡುವು. ಮೀರಿದ್ದರೆ ವಿಳಂಬಕ್ಕೆ ಕಾರಣ ಬರೆದು ಮನ್ನಾ ಕೋರಬಹುದು. ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ. ಕಾನೂನು ನೆರವಿನ ಸಹಾಯವಾಣಿ 15100.