ಬ್ಲೂ ಕಾರ್ಡ್, ಜರ್ಮನ್ ಪಿಆರ್, ಇಯು ಪಿಆರ್: ಮೂರನ್ನೂ ಇಟ್ಟುಕೊಂಡು ನೋಡಿದ ಮೇಲೆ

ಜರ್ಮನಿಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಪಿಆರ್‌ಗೆ ಬಂದೇ ಬರುತ್ತದೆ. ಪಿಆರ್ ಅಂದರೆ ಆ ದೇಶದಲ್ಲಿ ಖಾಯಂ ಆಗಿ ಇರುವ ಪರವಾನಗಿ. ಎಷ್ಟು ತಿಂಗಳಿಗೆ ಸಿಕ್ಕಿತು, ಜರ್ಮನ್ ಭಾಷೆಯ ಮೊದಲ ಹಂತ ಎ1 ಸಾಕಾ, ಎರಡು ಹಂತ ಮೇಲಿನ ಬಿ1 ಬೇಕಾ, ಕಚೇರಿಯಲ್ಲಿ ಟರ್ಮಿನ್, ಅಂದರೆ ಭೇಟಿಯ ಸಮಯ, ಸಿಗುವುದಕ್ಕೆ ಎಷ್ಟು ಕಾಯಬೇಕು. ಯಾವುದು ಬೇಗ ಸಿಗುತ್ತದೆ ಅನ್ನುವುದೇ ಎಲ್ಲರ ಚಿಂತೆ. ನಾನು 2019ರಲ್ಲಿ ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದವರಿಗೆ ಕೊಡುವ ಕೆಲಸದ ಪರ್ಮಿಟ್ ಮೇಲೆ, ಬಂದೆ. 2021ರಲ್ಲಿ ಜರ್ಮನ್ ಪಿಆರ್ ಆಯಿತು. ಐದು ವರ್ಷ ತುಂಬಿದ ಮೇಲೆ ಇಯು (ಯುರೋಪ್ ಒಕ್ಕೂಟ) ಪಿಆರ್ ಕೂಡ ಮಾಡಿಸಿಕೊಂಡೆ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ನಾನು ಹೇಳುವುದು ಇಷ್ಟು: ಬೇಗ ಸಿಗುವುದರ ಲೆಕ್ಕ ಆಮೇಲೆ ಹಾಕಿ. ಈ ಕಾರ್ಡ್ ಇಟ್ಟುಕೊಂಡು ಊರಲ್ಲಿ ಎಷ್ಟು ತಿಂಗಳು ಇರಬಹುದು ಅಂತ ಮೊದಲು ನೋಡಿ.

ಬ್ಲೂ ಕಾರ್ಡ್ ವಿಷಯ ಹೆಚ್ಚಿನವರಿಗೆ ಗೊತ್ತಿರುತ್ತದೆ. ಸಾಮಾನ್ಯವಾಗಿ ಡಿಗ್ರಿ ಬೇಕು, ಕೆಲಸದ ಆಫರ್ ಬೇಕು, ಸಂಬಳ ಒಂದು ಮಿತಿ ದಾಟಬೇಕು. 2025ರಲ್ಲಿ ಆ ಮಿತಿ ವರ್ಷಕ್ಕೆ 48,300 ಯೂರೋ ಇತ್ತು. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಸಿಗದ ಕೆಲಸಗಳಿಗೆ 43,759.80. ಗಂಡನೋ ಹೆಂಡತಿಯೋ ಜೊತೆಗೆ ಬರುವುದಾದರೆ ಅವರು ಮೊದಲೇ ಜರ್ಮನ್ ಪರೀಕ್ಷೆ ಪಾಸು ಮಾಡಬೇಕಿಲ್ಲ, ಬಂದ ಮೇಲೆ ಕೆಲಸವನ್ನೂ ಮಾಡಬಹುದು. ನಮ್ಮ ಮನೆಯವರು ಹಾಗೇ ಬಂದರು. ತೊಂದರೆ ಇರುವುದು ಕೆಲಸದ ಜೊತೆಗಿನ ಗಂಟಿನಲ್ಲಿ. ಮೊದಲ ಹನ್ನೆರಡು ತಿಂಗಳಲ್ಲಿ ಕಂಪನಿ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕೆಲಸ ಹೋದರೆ ಮತ್ತೊಂದು ಹುಡುಕಲು ಸಿಗುವ ಸಮಯವೂ ಅಷ್ಟಕ್ಕಷ್ಟೇ. ನಮ್ಮ ಟೀಮ್‌ನಲ್ಲಿ ಜನ ಕಡಿಮೆ ಮಾಡಿದ ವರ್ಷ ಬ್ಲೂ ಕಾರ್ಡ್‌ನವರ ಮುಖದಲ್ಲಿದ್ದ ಭಯ, ಪಿಆರ್ ಆದವರ ಮುಖದಲ್ಲಿ ಇರಲಿಲ್ಲ. ಸಂಬಳ ಹೋಗುವ ಚಿಂತೆ ಇಬ್ಬರಿಗೂ ಇತ್ತು. ಮಕ್ಕಳನ್ನು ಶಾಲೆ ಬಿಡಿಸಬೇಕಾಗುತ್ತದಾ ಅನ್ನುವ ಚಿಂತೆ ಒಬ್ಬರಿಗೆ ಮಾತ್ರ.

ಅದಕ್ಕೇ ಜರ್ಮನ್ ಪಿಆರ್‌ಗೆ ಅಷ್ಟು ಬೆಲೆ. ಕಾಗದದ ಮೇಲೆ ಅದರ ಹೆಸರು ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್. ಅದು ಕೈಗೆ ಬಂದರೆ ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತ ವ್ಯವಹಾರ ಶುರು ಮಾಡಬಹುದು, ವೀಸಾ ನವೀಕರಣ ಇಲ್ಲ. ಹೊಸ ಪಾಸ್‌ಪೋರ್ಟ್ ಆದಾಗ ಕಾರ್ಡ್ ಬದಲಿಸಿಕೊಂಡರೆ ಆಯಿತು. ಬ್ಲೂ ಕಾರ್ಡ್‌ನವರಿಗೆ ಎರಡು ದಾರಿ: ಎ1 ಜರ್ಮನ್ ಇದ್ದರೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು. ನಾನು ಅರ್ಜಿ ಹಾಕುವಾಗ ಎ1 ದಾರಿ 33 ತಿಂಗಳಿತ್ತು. 2023ರ ನವೆಂಬರ್‌ನಲ್ಲಿ ಇಳಿಸಿದರು. ಬ್ಲೂ ಕಾರ್ಡ್ ಇಲ್ಲದೆ ಸಾಮಾನ್ಯ ಕೆಲಸದ ಪರ್ಮಿಟ್ ಮೇಲೆ ಬಂದವರು ಮೂರು ವರ್ಷ ಕಾಯಬೇಕು, ಬಿ1 ಕಡ್ಡಾಯ.

ವ್ಯತ್ಯಾಸ ಈಗ ಆರೇ ತಿಂಗಳು, ಎ1 ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಬಿ1 ಮಾಡಿ ಎಂದೇ ಹೇಳುತ್ತೇನೆ. ಇಯು ಪಿಆರ್‌ಗೂ ಅದೇ ಸರ್ಟಿಫಿಕೇಟ್ ಬೇಕು, ಪೌರತ್ವಕ್ಕೂ ಬೇಕು. ಎ1 ತೆಗೆದುಕೊಂಡು ಸುಮ್ಮನಾದ ಗೆಳತಿಯರು ಎರಡು ಮೂರು ವರ್ಷ ಬಿಟ್ಟು, ಮಗು ಹುಟ್ಟಿದ ಮೇಲೆ, ಮತ್ತೆ ಪುಸ್ತಕ ಹಿಡಿದಿದ್ದಾರೆ. ನಾನು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ2 ಮುಗಿಸಿಕೊಂಡೇ ವಿಮಾನ ಹತ್ತಿದ್ದೆ. ಹಾಗಾಗಿ ಇಲ್ಲಿ ಬಿ1 ಅಷ್ಟು ಭಾರ ಆಗಲಿಲ್ಲ. ಗೊಯೆಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಮಾತಿನ ಭಾಗದಲ್ಲಿ ಎದುರಿಗೆ ಇನ್ನೊಬ್ಬ ಅಭ್ಯರ್ಥಿ ಇರುತ್ತಾರೆ, ಇಬ್ಬರೂ ಸೇರಿ ಏನಾದರೂ ಒಂದು ಕಾರ್ಯಕ್ರಮ ಯೋಜಿಸಬೇಕು. ಎದುರಿನವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರೆ ಅಂಕ ಬರುವುದಿಲ್ಲ. ಬೇಡ, ಆ ದಿನ ಆಗುವುದಿಲ್ಲ, ಬೇರೆ ದಿನ ಇಟ್ಟುಕೊಳ್ಳೋಣ ಅಂತ ವಾದ ಮಾಡುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ.

ಉಳಿದ ಕಾಗದಗಳಲ್ಲಿ ಗಮನ ಕೊಡಬೇಕಾದದ್ದು ಪಿಂಚಣಿ ವಿಮೆಯ ಪಟ್ಟಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ವಂತಿಗೆ ಕಟ್ಟಿದ್ದೀರಿ ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಕೇಳಿದರೆ ಅಂಚೆಯಲ್ಲಿ ಮನೆಗೆ ಕಳಿಸುತ್ತಾರೆ. ಅಧಿಕಾರಿ ತಿಂಗಳು ಎಣಿಸುವಾಗ ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕಂಪನಿ ಬದಲಿಸುವಾಗ ನಡುವೆ ಒಂದು ತಿಂಗಳು ಖಾಲಿ ಬಿಟ್ಟವರಿಗೆ ಆ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ. ಅರ್ಜಿಗೆ ಮೊದಲೇ ತರಿಸಿ ನೋಡಿಕೊಳ್ಳಿ.

ಜರ್ಮನ್ ಪಿಆರ್‌ನ ನಿಜವಾದ ಕೊರತೆ ನನಗೆ ಗೊತ್ತಾದದ್ದು ಶಿವಮೊಗ್ಗದಲ್ಲಿ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಆಮೇಲೆ ಫಿಸಿಯೋ. ವಾಕರ್ ಹಿಡಿದು ಹಜಾರದ ತನಕ ಬರುವುದಕ್ಕೇ ತಿಂಗಳುಗಳು ಹಿಡಿದವು. ನಾನು ಸಂಬಳವಿಲ್ಲದ ರಜೆ ಹಾಕಿ ಅವರ ಜೊತೆ ಇದ್ದೆ. ಆದರೆ ಜರ್ಮನ್ ಪಿಆರ್ ಇದ್ದವರು ದೇಶದ ಹೊರಗೆ ಹೋಗಿ ಆರು ತಿಂಗಳೊಳಗೆ ವಾಪಸ್ ಬರದಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ಯಾರೂ ನೋಟಿಸ್ ಕೊಡುವುದಿಲ್ಲ. ವಿಶೇಷ ಏನೆಂದರೆ ಬ್ಲೂ ಕಾರ್ಡ್‌ಗೆ ಈ ಅವಧಿ ಹನ್ನೆರಡು ತಿಂಗಳು. ಖಾಯಂ ಅನ್ನಿಸಿಕೊಳ್ಳುವ ಕಾರ್ಡ್‌ಗಿಂತ ತಾತ್ಕಾಲಿಕ ಕಾರ್ಡ್‌ಗೇ ಹೆಚ್ಚು ಸಲಿಗೆ! ಆರು ತಿಂಗಳಿಗಿಂತ ಜಾಸ್ತಿ ಇರಬೇಕಾದರೆ ಮೊದಲೇ ಅರ್ಜಿ ಕೊಟ್ಟು ಅವಧಿ ಹೆಚ್ಚಿಸಿಕೊಳ್ಳಲು ಅವಕಾಶ ಇದೆ. ನಾನು ಊರಿಂದಲೇ ಮೇಲ್ ಹಾಕಿದೆ, ಉತ್ತರ ಬರಲಿಲ್ಲ. "ನೀ ಹೊರಡು ಕಣೇ, ನಿನ್ನ ವೀಸಾಕ್ಕೆ ಏನಾದ್ರೂ ಆದ್ರೆ ಮಕ್ಕಳಿಗೆ ಕಷ್ಟ" ಅಂತ ಅಮ್ಮನೇ ಹೇಳಿದರು. ಅವರು ಒಬ್ಬರೇ ಮೆಟ್ಟಿಲು ಹತ್ತುವ ಮೊದಲೇ ನಾನು ಹೊರಡಬೇಕಾಯಿತು. ಅದು ಇವತ್ತಿಗೂ ಸಂಕಟ.

ಇಯು ಪಿಆರ್ ಮಾಡಿಸಿದ್ದು ಆ ಕಾರಣಕ್ಕೇ. ಅದನ್ನು ಡೌಅರ್‌ಔಫೆಂಟ್‌ಹಾಲ್ಟ್ ಇಯು ಎನ್ನುತ್ತಾರೆ. ಜರ್ಮನಿಯಲ್ಲಿ ಐದು ವರ್ಷ ಆಗಿರಬೇಕು, ಬಿ1 ಬೇಕು, ಪಿಂಚಣಿಗೆ ಸಾಕಷ್ಟು ವಂತಿಗೆ ಕಟ್ಟಿರುವುದನ್ನು ತೋರಿಸಬೇಕು. ಕಾನೂನು ಮತ್ತು ಸಮಾಜದ ಬಗ್ಗೆ ತಿಳಿದಿದೆ ಎನ್ನುವುದಕ್ಕೆ 'ಲೇಬೆನ್ ಇನ್ ಡಾಯ್ಚ್‌ಲಾಂಡ್' ಪರೀಕ್ಷೆ ಬರೆಯಬಹುದು. ಅದರಲ್ಲಿ 33 ಪ್ರಶ್ನೆ. ಪಟ್ಟಿ ಮೊದಲೇ ಸಿಗುತ್ತದೆ, ಓದಿಕೊಂಡು ಹೋದರೆ ಸಾಕು. ಫೀಸು 109 ಯೂರೋ, ಜರ್ಮನ್ ಪಿಆರ್‌ಗಿಂತ ನಾಲ್ಕು ಯೂರೋ ಕಡಿಮೆಯೇ.

ಇದರಲ್ಲಿ ಯುರೋಪ್ ಒಕ್ಕೂಟದ ಹೊರಗೆ ಒಂದೇ ಸಮನೆ ಹನ್ನೆರಡು ತಿಂಗಳು ಇರಬಹುದು. ಮೊದಲು ಬ್ಲೂ ಕಾರ್ಡ್ ಇದ್ದವರಿಗೆ ಇಪ್ಪತ್ನಾಲ್ಕು ತಿಂಗಳು! ಎರಡು ವರ್ಷ ಅಂದರೆ ಅಪ್ಪ ಅಮ್ಮನ ಒಂದು ದೊಡ್ಡ ಕಾಯಿಲೆ ಪೂರ್ತಿ ನೋಡಿಕೊಂಡು ಬರುವಷ್ಟು ಸಮಯ. ಇದು ಗೊತ್ತಿಲ್ಲದೆ ಜರ್ಮನ್ ಪಿಆರ್‌ಗೇ ನಿಲ್ಲಿಸಿದವರು ನನ್ನ ಪರಿಚಯದಲ್ಲೇ ತುಂಬಾ ಜನ ಇದ್ದಾರೆ. ಜೊತೆಗೆ ನಾಳೆ ನೆದರ್‌ಲ್ಯಾಂಡ್ಸ್‌ನಲ್ಲೋ ಆಸ್ಟ್ರಿಯಾದಲ್ಲೋ ಕೆಲಸ ಸಿಕ್ಕರೆ ಅಲ್ಲಿಯ ಪರ್ಮಿಟ್‌ಗೆ ಇದರ ಮೇಲೆ ಅರ್ಜಿ ಹಾಕಬಹುದು. ಡೆನ್ಮಾರ್ಕ್, ಐರ್ಲೆಂಡ್‌ಗೆ ಮಾತ್ರ ಇದು ನಡೆಯುವುದಿಲ್ಲ. ಇಯು ಪಿಆರ್ ಬೇಕಾದರೆ ಜರ್ಮನ್ ಪಿಆರ್ ಬಿಟ್ಟುಕೊಡಬೇಕಾ ಎಂದು ಕೆಲವರಿಗೆ ಅನುಮಾನ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಅಂತ ಲೈಪ್‌ಜಿಗ್‌ನ ಫೆಡರಲ್ ಆಡಳಿತ ನ್ಯಾಯಾಲಯ 2013ರಲ್ಲೇ ಹೇಳಿದೆ.

ಹಾಗಂತ ಐದು ವರ್ಷ ತುಂಬಲಿ ಅಂತ ಜರ್ಮನ್ ಪಿಆರ್ ಬಿಟ್ಟು ಕೂರಬೇಡಿ. ನಡುವಿನ ಮೂರು ವರ್ಷ ಕೆಲಸದ ಭಯ ಇಲ್ಲದೆ ಬದುಕುವುದು ಸಣ್ಣ ವಿಷಯ ಅಲ್ಲ. ಮನೆಯವರಿಗೂ ಉಪಯೋಗ ಇದೆ: ನಿಮಗೆ ಬ್ಲೂ ಕಾರ್ಡ್ ದಾರಿಯಿಂದ ಪಿಆರ್ ಆಗಿದ್ದರೆ, ನಿಮ್ಮ ಗಂಡ ಅಥವಾ ಹೆಂಡತಿ ವಾರಕ್ಕೆ 20 ಗಂಟೆಯಾದರೂ ಕೆಲಸ ಮಾಡುತ್ತಿದ್ದು ಬಿ1 ಇದ್ದರೆ, ಈಗಿನ ನಿಯಮದಲ್ಲಿ ಅವರಿಗೂ ಮೂರು ವರ್ಷಕ್ಕೆ ಪಿಆರ್ ಆಗುತ್ತದೆ. ಜರ್ಮನ್ ಪಿಆರ್ ಬೇಡ, ಇನ್ನೂ ಸ್ವಲ್ಪ ದಿನ ಬ್ಲೂ ಕಾರ್ಡ್‌ನಲ್ಲೇ ಇರಿ ಎಂದು ನಾನು ಹೇಳುವುದು ಒಂದೇ ಸಂದರ್ಭದಲ್ಲಿ: ಮುಂದಿನ ವರ್ಷ ಊರಲ್ಲಿ ದೀರ್ಘಕಾಲ ಇರಬೇಕಾಗುತ್ತದೆ ಅಂತ ಈಗಲೇ ಖಚಿತ ಇದ್ದರೆ, ಕಂಪನಿಯೂ ರಜೆ ಕೊಟ್ಟಿದ್ದರೆ.

ಜರ್ಮನ್ ಪೌರತ್ವವೂ ಐದು ವರ್ಷಕ್ಕೆ ಸಿಗುತ್ತದೆ. ಆಮೇಲೆ ಎಷ್ಟು ವರ್ಷ ಹೊರಗಿದ್ದರೂ ಚಿಂತೆ ಇಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ವಿದೇಶಿ ಪೌರರಾದ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್‌ಗೆ ಓಟು ಇಲ್ಲ. ನನಗೆ ನಮ್ಮ ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲ. ಅದು ಅವರವರಿಗೆ ಬಿಟ್ಟಿದ್ದು.

ಇಯು ಪಿಆರ್ ಕಾರ್ಡ್ ಕೈಗೆ ಬಂದ ದಿನ ಕೌಂಟರ್ ಬಿಡುವ ಮೊದಲು ಷರಾ ಬರೆಯುವ ಜಾಗ ನೋಡಿ. ನೀವು ಮೊದಲು ಬ್ಲೂ ಕಾರ್ಡ್ ಹೊಂದಿದ್ದಿರಿ ಎಂಬ ಸಾಲು ಅಲ್ಲಿ ಇರಬೇಕು. ಇಲ್ಲದಿದ್ದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಿ. ಹಳೆಯ ಬ್ಲೂ ಕಾರ್ಡ್‌ನ ಎರಡೂ ಬದಿಯ ಪ್ರತಿಯನ್ನು, ಅದನ್ನು ಆಫೀಸಿಗೆ ಒಪ್ಪಿಸುವ ಮೊದಲೇ, ತೆಗೆದಿಟ್ಟುಕೊಂಡಿರಿ. ಜರ್ಮನ್ ಪಿಆರ್ ಮಾತ್ರ ಇದ್ದು ಊರಿಗೆ ಹೊರಟವರು ಅವಧಿ ಹೆಚ್ಚಿಸುವ ಅರ್ಜಿಯನ್ನು ವಿಮಾನ ಹತ್ತುವ ಮೊದಲೇ ಕೊಡಿ, ಉತ್ತರವನ್ನು ಲಿಖಿತವಾಗಿಯೇ ತೆಗೆದುಕೊಳ್ಳಿ.