ಗ್ರ್ಯಾಫೀನ್ ಅಂತ ಪೆನ್ಸಿಲ್ ಪುಡಿಗೆ 42 ಸಾವಿರ ಕೊಟ್ಟೆ

"ಸಾರ್, ಮಟೀರಿಯಲ್ ಪಕ್ಕಾ. ನಿಮ್ಮ ಮಿಕ್ಸಿಂಗ್ ಸರಿಯಿಲ್ಲ." ಈ ಮಾತು ಕೇಳಿದರೆ ದಯವಿಟ್ಟು ಅಲ್ಲೇ ನಿಲ್ಲಿ. ನಾನು ನಿಲ್ಲಲಿಲ್ಲ.

ಪೀಣ್ಯದಲ್ಲಿ 18 ವರ್ಷದಿಂದ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕೆಲಸ ನನ್ನದು. ಗಿರಾಕಿಯೊಬ್ಬರು ತೆಳು ಪ್ಯಾನೆಲ್ ಬೇಕು, ಆದರೆ ಜಾಸ್ತಿ ಗಟ್ಟಿ ಇರಬೇಕು ಅಂದರು. ಎಪಾಕ್ಸಿ ಅನ್ನುವ ಅಂಟಿಗೆ ನೂರಕ್ಕೆ ಅರ್ಧ ಭಾಗ ಗ್ರ್ಯಾಫೀನ್, ಅಂದರೆ ಕಾರ್ಬನ್ನಿನ ಅತಿ ತೆಳು ಪದರಗಳ ಪುಡಿ, ಬೆರೆಸಿದರೆ ಸಾಕು ಅಂತ ಒಬ್ಬ ಮಾರಾಟಗಾರ ಹೇಳಿದ. ಅರ್ಧ ಕೆಜಿಗೆ 42 ಸಾವಿರ, ಪೂರ್ತಿ ಅಡ್ವಾನ್ಸ್. ಜೊತೆಗೆ ಸರ್ಟಿಫಿಕೇಟು, ಮೈಕ್ರೋಸ್ಕೋಪಿನ ಚೆಂದದ ಫೋಟೊ.

ಮೊದಲ ಶೀಟು ಬರೀ ಎಪಾಕ್ಸಿಗಿಂತ ಬೇಗ ಮುರಿಯಿತು. ಫೋನ್ ಮಾಡಿದರೆ ಮೇಲಿನ ಮಾತು. ನಂಬಿದೆ. ಯಾಕೆಂದರೆ ನ್ಯಾನೊ ಪುಡಿಯ ದೊಡ್ಡ ತಲೆನೋವೇ ಅದು. ಬಿಡಿಬಿಡಿಯಾಗಿ ಹರಡಬೇಕಾದ ಪದರಗಳು ಅಂಟಿಕೊಂಡು, ಸರಿಯಾಗಿ ತೊಳಸದ ಮುದ್ದೆಯ ಹಾಗೆ ಗಂಟಾಗುತ್ತವೆ. ಬಿರುಕು ಆ ಗಂಟಿನಿಂದಲೇ ಶುರು. ಕಳ್ಳನಿಗೆ ಇಷ್ಟು ಸಾಕು.

ಗಂಟು ಅರೆಯುವ ತ್ರೀ ರೋಲ್ ಮಿಲ್ ಬಾಡಿಗೆಗೆ ತಂದೆ. ಮತ್ತೆ ಮುರಿಯಿತು. "ಸೋನಿಕೇಟರ್ ಹಾಕಿದ್ರಾ?" ಶಬ್ದದ ಅಲೆಯಿಂದ ಗಂಟು ಬಿಡಿಸುವ ಆ ಯಂತ್ರವನ್ನೂ ಹಾಕಿದೆ, ಬಿಸಿಯಾಗದ ಹಾಗೆ ಐಸ್ ನೀರಿನಲ್ಲಿಟ್ಟು! "ವ್ಯಾಕ್ಯೂಮಲ್ಲಿ ಗಾಳಿ ತೆಗೆದ್ರಾ?" ತೆಗೆದೆ. ಪ್ರತಿ ಸಲ ಹೊಸ ತಪ್ಪು. ಪ್ರತಿ ಸಲ ನನ್ನದೇ ತಪ್ಪು. ಎರಡು ತಿಂಗಳು!

ಕೊನೆಗೆ ಅಕ್ಕನ ಮಗ ಬಂದ. ಎಂ.ಟೆಕ್ ಓದುವ ಹುಡುಗ. ಪುಡಿಯನ್ನು ಬೆರಳಲ್ಲಿ ತಿಕ್ಕಿ, "ಮಾವ, ಇದೇನು ಇಷ್ಟು ಹೊಳೀತಿದೆ? ಇಷ್ಟು ಭಾರ ಬೇರೆ" ಅಂದ. ಎಕ್ಸ್‌ಆರ್‌ಡಿ (ಪುಡಿಗೆ ಎಕ್ಸ್‌ರೇ ಹಾಯಿಸುವ ಪರೀಕ್ಷೆ) ಮಾಡಿಸಿದೆವು. ಗ್ರಾಫಿನಲ್ಲಿ 26.5 ಡಿಗ್ರಿ ಹತ್ತಿರ ಸೂಜಿಯಂತೆ ಎದ್ದು ನಿಂತ ಪೀಕು, ಪದರಗಳು ದಪ್ಪವಾಗಿ ಪೇರಿಕೊಂಡಿರುವ ಗುರುತು. ಗ್ರ್ಯಾಫೈಟ್! ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಗ್ರ್ಯಾಫೈಟ್. ಗ್ರ್ಯಾಫೀನ್ ಅನ್ನಬೇಕಾದರೆ ಹೆಚ್ಚೆಂದರೆ 10 ಪದರ ಇರಬೇಕಂತೆ. ಎರಡು ತಿಂಗಳು ನಾನು ಅರೆದಿದ್ದು ಪೆನ್ಸಿಲ್ಲು. ಹುಡುಗನ ಮುಖ ನೋಡಲಾಗಲಿಲ್ಲ. 2018ರಲ್ಲಿ ಸಿಂಗಪುರದ ವಿಜ್ಞಾನಿಗಳು 60 ಕಂಪನಿಗಳ ಪುಡಿ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಅಸಲಿ ಗ್ರ್ಯಾಫೀನ್ ನೂರಕ್ಕೆ ಹತ್ತು ಪಾಲೂ ಇರಲಿಲ್ಲ ಅಂತ ಅವನೇ ಸಮಾಧಾನ ಹೇಳಿದ. ಯಾರಿಗೆ ಬೇಕು ಆ ಸಮಾಧಾನ?

ರಿಪೋರ್ಟ್ ಕಳಿಸಿದೆ. ಉತ್ತರ ನೋಡಿ: "ಎರಡೂ ಕಾರ್ಬನ್ನೇ ಅಲ್ವಾ ಸಾರ್, ಒಂದೇ ಫ್ಯಾಮಿಲಿ." ಒಂದೇ ಫ್ಯಾಮಿಲಿಯಂತೆ! ಹಾಗಾದರೆ ಗ್ರ್ಯಾಫೈಟ್ ರೇಟೇ ತಗೊಂಡು ಮಿಕ್ಕಿದ್ದು ವಾಪಸ್ ಕೊಡಪ್ಪ ಅಂದೆ. "ಸೀಲ್ ಒಡೆದ ಮಾಲು ವಾಪಸಿಲ್ಲ."

ಮೊದಲು 10 ಗ್ರಾಂ ತರಿಸಿ. ನಿಮ್ಮ ದುಡ್ಡಲ್ಲೇ ಎಕ್ಸ್‌ಆರ್‌ಡಿ, ರಾಮನ್ (ಲೇಸರ್ ಬೆಳಕಿನ ಪರೀಕ್ಷೆ) ಎರಡೂ ಮಾಡಿಸಿ. ಆಮೇಲೆ ಮಿಲ್ಲು, ಸೋನಿಕೇಟರು. ಫೋಟೊ ನಂಬಬೇಡಿ, ಒಂದು ಒಳ್ಳೆ ಚೂರು ಹುಡುಕಿ ತೆಗೆದ ಫೋಟೊ ಯಾರು ಬೇಕಾದರೂ ತೋರಿಸುತ್ತಾರೆ.

ಬಿಲ್ಲನ್ನೂ ಓದಿ. ಕಂಪ್ಲೇಂಟ್ ಕೊಡೋಣ ಅಂತ ನನ್ನದನ್ನು ತೆಗೆದು ನೋಡಿದೆ. ಅದರಲ್ಲಿ ಗ್ರ್ಯಾಫೀನ್ ಅನ್ನುವ ಪದವೇ ಇಲ್ಲ. "ಕಾರ್ಬನ್ ಪೌಡರ್" ಅಂತಿದೆ, ಕೆಳಗೆ ನನ್ನದೇ ಸಹಿ.