‘ತಿಂಗಳಿಗೆ 3,000 ಇಂಗ್ಲಿಷ್ ಪದ’ ಅಂತ ಹಣ ಕಟ್ಟುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಯಾರಾದರೂ ‘ಅಡ್ವಾನ್ಸ್ಡ್ ವೊಕ್ಯಾಬುಲರಿ ಕಲಿಸ್ತೀವಿ, ತಿಂಗಳಿಗೆ 3,000 ಪದ ಗ್ಯಾರಂಟಿ’ ಅಂದರೆ ಮೊದಲು ಅವರ ಪುಸ್ತಕದ ಒಂದು ಪುಟ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ನನ್ನ ತಂಗಿ ಇಂಥದ್ದೊಂದು ಕಡೆ 9,500 ರೂಪಾಯಿ ಕಟ್ಟಿದ್ದಾಳೆ. ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಇಂಥ ಬೋರ್ಡು ಊರಲ್ಲಿ ಒಂದೇ ಅಲ್ಲ, ಅದಕ್ಕೇ ಈ ಬರಹ.

ತಂಗಿ ಮಂಡ್ಯದಲ್ಲಿ ಬಿಎಸ್ಸಿ ಮುಗಿಸಿದವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಪದ ಸಿಗುವುದಿಲ್ಲ ಅನ್ನುವುದು ಅವಳ ಕಷ್ಟ. ಡೆಮೊ ಕ್ಲಾಸ್ ಭರ್ಜರಿಯಾಗಿತ್ತಂತೆ. ಮೇಷ್ಟ್ರು ಬಾಯಿ ತುಂಬುವ ಪದಗಳನ್ನು ಪಟಪಟ ಉದುರಿಸಿದರು, ಹುಡುಗರು ಚಪ್ಪಾಳೆ ಹೊಡೆದರು. ‘ಇವತ್ತೇ ಕಟ್ಟಿದರೆ ಅರ್ಧ ಫೀಸು, ನಾಳೆಯಿಂದ ಪೂರ್ತಿ’ ಅಂದರು. ಹಣ ಹೋಗಿದ್ದು ಸಂಸ್ಥೆಯ ಖಾತೆಗಲ್ಲ, ಯಾರದೋ ಮೊಬೈಲ್ ನಂಬರಿಗೆ. ರಸೀದಿ ಕೇಳಿದರೆ ‘ವಾಟ್ಸಾಪಲ್ಲಿ ಕಳಿಸ್ತೀವಿ’ ಅಂದರು. ಬಂದಿದ್ದು ಒಂದು ಹೆಬ್ಬೆರಳಿನ ಇಮೋಜಿ. ಡೆಮೊ ಮಾಡಿದ ಮೇಷ್ಟ್ರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಪುಸ್ತಕ ಅಂದರೆ ಸ್ಪೈರಲ್ ಬೈಂಡಿಂಗ್ ಹಾಕಿದ ಝೆರಾಕ್ಸ್ ಕಟ್ಟು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಒಂದೇ ಒಂದು ಅರ್ಥ. ಉದಾಹರಣೆಗೆ ಒಂದು ವಾಕ್ಯವಿಲ್ಲ. ಬ್ಯಾಂಕ್ ಪರೀಕ್ಷೆಯವರು, ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು, ಕೆಲಸ ಹುಡುಕುವವರು ಎಲ್ಲರಿಗೂ ಅದೇ. ನಾನು ನೋಡಿದ ಪುಟಗಳಲ್ಲಿ ಹೀಗಿತ್ತು: ನೊಟೋರಿಯಸ್ ಅಂದರೆ ಪ್ರಸಿದ್ಧ. ಸಿಂಪ್ಲಿಸ್ಟಿಕ್ ಅಂದರೆ ಸರಳ. ಬೆಮ್ಯೂಸ್ಡ್ ಅಂದರೆ ಖುಷಿಯಾದ. ಸ್ಪೆಂಡ್‌ತ್ರಿಫ್ಟ್ ಅಂದರೆ ಜಿಪುಣ!

ಕೊನೆಯದಂತೂ ಪೂರ್ತಿ ಉಲ್ಟಾ. ಸ್ಪೆಂಡ್‌ತ್ರಿಫ್ಟ್ ಅಂದರೆ ದುಡ್ಡನ್ನು ನೀರಿನ ಹಾಗೆ ಚೆಲ್ಲುವವನು. ಬೆಮ್ಯೂಸ್ಡ್ ಅಂದರೆ ಏನೂ ತೋಚದೆ ಗಲಿಬಿಲಿಗೊಂಡ ಅಂತ. ಅಮ್ಯೂಸ್ಡ್ ಥರ ಕೇಳಿಸುತ್ತದೆ ಅಂತ ಯಾರೋ ಊಹೆಯಲ್ಲಿ ಅರ್ಥ ಬರೆದುಬಿಟ್ಟಿದ್ದಾರೆ. ಸಿಂಪ್ಲಿಸ್ಟಿಕ್ ಹೊಗಳಿಕೆಯೇ ಅಲ್ಲ, ಜಟಿಲವಾದ ವಿಷಯವನ್ನು ತೀರಾ ಹಗುರ ಮಾಡಿ ನೋಡುವುದಕ್ಕೆ ಹಾಗನ್ನುತ್ತಾರೆ. ನೊಟೋರಿಯಸ್ ಅಂದರೆ ಪ್ರಸಿದ್ಧ ಹೌದು, ಆದರೆ ಕೆಟ್ಟದ್ದಕ್ಕೆ.

ತಂಗಿ ಇವನ್ನೆಲ್ಲ ನಿಷ್ಠೆಯಿಂದ ಬಾಯಿಪಾಠ ಮಾಡಿದಳು. ಹೆಬ್ಬಾಳ ಕಡೆಯ ಒಂದು ಕಂಪನಿಗೆ ಅರ್ಜಿಯ ಜೊತೆ ಪತ್ರವನ್ನೂ ಬರೆದಳು. ‘ಐ ವಾಸ್ ಎ ನೊಟೋರಿಯಸ್ ಸ್ಟೂಡೆಂಟ್ ಇನ್ ಮೈ ಕಾಲೇಜ್.’ ಮುಂದಿನ ಸಾಲಿನಲ್ಲಿ, ತಾನು ಎಲ್ಲ ಸಮಸ್ಯೆಗಳನ್ನೂ ಸಿಂಪ್ಲಿಸ್ಟಿಕ್ ಆಗಿ ನೋಡುತ್ತೇನೆ ಅಂತ. ಸಂದರ್ಶನದಲ್ಲಿ ಮೇಡಂ ಆ ಪತ್ರವನ್ನು ಕೈಯಲ್ಲಿ ಹಿಡಿದು, ‘ಅಂಥದ್ದೇನಮ್ಮ ಮಾಡಿದ್ದೆ ಕಾಲೇಜಲ್ಲಿ?’ ಅಂತ ಕೇಳಿದರಂತೆ. ಇವಳು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದದ್ದನ್ನು ವಿವರಿಸಿದ್ದಾಳೆ. ಆ ಮೇಡಂ ಒಳ್ಳೆಯವರು, ನಗಲಿಲ್ಲ, ಪದದ ನಿಜವಾದ ಅರ್ಥ ಹೇಳಿ ಕಳಿಸಿದರು. ಕೆಲಸ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಇಬ್ಬರೂ ಕೂತು ಆ ಕಟ್ಟನ್ನು ನಿಘಂಟಿನ ಜೊತೆ ಹೋಲಿಸಿದೆವು. ಹಿಂದಿನ ಪುಟಗಳಲ್ಲಿ ಜಿಆರ್‌ಇ (ವಿದೇಶದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಪರೀಕ್ಷೆ) ಅಭ್ಯಾಸ ಅಂತ ವಿರುದ್ಧ ಪದ, ಪದಜೋಡಿಗಳ ಸಂಬಂಧ ಗುರುತಿಸುವ ಪ್ರಶ್ನೆಗಳಿವೆ. ಆ ಬಗೆಯ ಪ್ರಶ್ನೆಗಳನ್ನು ಜಿಆರ್‌ಇ 2011ರಲ್ಲೇ ಕೈಬಿಟ್ಟಿದೆ. ಈಗ ವಾಕ್ಯದೊಳಗೆ ಪದ ಕೂರಿಸುವುದನ್ನು ಕೇಳುತ್ತಾರೆ. ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಕಾಲು ಭಾಗ ಅಂಕ ಪದಬಳಕೆಗೆ ಇದೆ, ನಿಜ. ಆದರೆ ಪದ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತಲೂ ನೋಡುತ್ತಾರೆ. ದೊಡ್ಡ ಪದ ತಪ್ಪಾಗಿ ಬಿದ್ದರೆ ಅಂಕ ಕಮ್ಮಿಯೇ ಆಗುತ್ತದೆ. ಬ್ಯಾಂಕ್ ಪರೀಕ್ಷೆಯ ಖಾಲಿ ಜಾಗದ ಪ್ರಶ್ನೆಗಳಿಗೂ ಸಂದರ್ಭ ಗೊತ್ತಿರಬೇಕು.

ಇನ್ನು ತಿಂಗಳಿಗೆ 3,000 ಅಂದರೆ ದಿನಕ್ಕೆ ನೂರು ಪದ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದ: ಅರ್ಥವಿಲ್ಲದೆ ಬಾಯಿಪಾಠ ಮಾಡಿದ್ದರಲ್ಲಿ ಬಹುಪಾಲು ಒಂದು ದಿನದೊಳಗೇ ಮರೆತುಹೋಗುತ್ತದೆ. ಬಿಟ್ಟು ಬಿಟ್ಟು ಮತ್ತೆ ಓದಬೇಕು. ಈ ಕ್ಲಾಸಿನಲ್ಲಿ ಹಳೆಯ ಪಾಠಕ್ಕೆ ತಿರುಗಿ ಬರುವ ಪದ್ಧತಿಯೇ ಇರಲಿಲ್ಲ.

ನಿಜವಾಗಿ ಬೇಕಾದ್ದು ಸುಮ್ನೆ ಸಿಗುತ್ತದೆ. ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಕಾಲೇಜು ಮಟ್ಟದ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿ ಮಾಡಿದರು. ಅದರಲ್ಲಿರುವುದು 570 ಪದಕುಟುಂಬಗಳು, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳು. ಆಕ್ಸ್‌ಫರ್ಡ್‌ನವರ 3000, 5000 ಪದಗಳ ಪಟ್ಟಿಗಳೂ ಉಚಿತ, ಯಾವ ಪದ ಯಾವ ಹಂತದ್ದು ಅಂತ ಗುರುತು ಇರುತ್ತದೆ. ನೆನಪಿಟ್ಟುಕೊಳ್ಳಲು ಅಂಕಿ (Anki) ಅನ್ನುವ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ಕನ್ನಡದ ಅರ್ಥ ಬೇಕಿದ್ದರೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ್ದೇ ಇಂಗ್ಲಿಷ್-ಕನ್ನಡ ನಿಘಂಟು ಇದೆಯಲ್ಲ, ಅದರಲ್ಲಿ ಒಂದು ಪದಕ್ಕೆ ಎಷ್ಟು ಅರ್ಥ ಕೊಟ್ಟಿದ್ದಾರೆ ನೋಡಿ. ತಂಗಿ ಈಗ ಒಂದೊಂದು ಪದಕ್ಕೂ ತನ್ನದೇ ಒಂದು ವಾಕ್ಯ ಬರೆಯುತ್ತಾಳೆ. ನಿಧಾನ, ಆದರೆ ಬರೆದ ಪದ ಬಾಯಿಗೆ ಬರುತ್ತಿದೆ.

ಕ್ಲಾಸಿಗೇ ಹೋಗಬೇಕು ಅನ್ನುವವರು ಪುಸ್ತಕದ ಯಾವುದಾದರೂ ಪುಟದಿಂದ ನಾಲ್ಕೈದು ಪದ ಆರಿಸಿ, ಮೇಷ್ಟ್ರಿಗೆ ವಾಕ್ಯ ಮಾಡಿ ಹೇಳಲು ಕೇಳಿ. ತಡವರಿಸಿದರೆ ಗೊತ್ತಾಗುತ್ತದೆ ಅಲ್ವಾ?

ಹಣ ವಾಪಸ್ ಕೇಳಿದ್ದಕ್ಕೆ ‘ನಾನ್ ರಿಫಂಡಬಲ್’ ಅಂದರು. ಹಾಗಂತ ಡೆಮೊ ದಿನ ಯಾರೂ ಹೇಳಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಆ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಣ ಕಳಿಸಿದ ಸ್ಕ್ರೀನ್‌ಶಾಟ್ ಮತ್ತು ಗ್ಯಾರಂಟಿ ಅಂತ ಅಚ್ಚು ಹಾಕಿದ ಪಾಂಪ್ಲೆಟ್ ಜೋಪಾನವಾಗಿ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಆ ಝೆರಾಕ್ಸ್ ಕಟ್ಟನ್ನು ಗುಜರಿಗೆ ಹಾಕಬೇಡಿ, ಸಾಕ್ಷಿಗೆ ಬೇಕಾಗುತ್ತದೆ.